ಸೋರುವ ಗಾಡಿಗೆ ಬಿಳಿ ಧೋತರ

ಡಿಪ್‌ಸ್ಟಿಕ್ ತಾನಾಗಿಯೇ ಎದ್ದು ಹಾರಿತ್ತು. ಇಂಜಿನ್ನಿನಲ್ಲಿ ಎಣ್ಣೆ ಎಷ್ಟಿದೆ ಎಂದು ನೋಡುವ ಉದ್ದನೆಯ ಕಡ್ಡಿ ಅದು. ಯಾರೂ ಮುಟ್ಟದೆ ಕೊಳವೆಯಿಂದ ಹೊರಗೆ ಬಂದು, ಬಾನೆಟ್ಟಿಗೆ ಒಳಗಿನಿಂದ ಬಡಿದು, ಬ್ಯಾಟರಿಯ ಮೇಲೆ ಅಡ್ಡ ಬಿದ್ದಿತ್ತು. ಅದರ ತೂತಿನಿಂದ ಕರಿ ಎಣ್ಣೆ ಬುಳುಬುಳು ಉಕ್ಕಿ ಕಾದ ಸೈಲೆನ್ಸರ್ ಪೈಪಿನ ಮೇಲೆ ಸುರಿಯುತ್ತಿತ್ತು. ಹೊಗೆಯೋ ಹೊಗೆ.

"ಬೆಂಕಿ ಹತ್ಯದೇನೋ?" ಎಂದು ಅವ್ವ ಗಾಡಿಯ ಒಳಗಿನಿಂದ ಕೂಗಿದಳು.

"ಇಲ್ಲ ಯವ್ವಾ, ಬರೇ ಹೊಗಿ. ನೀ ಸುಮ್ಮ ಕುಂದ್ರು."

"ನಾ ಯಾಕ ಕುಂದರ್ಲಿ? ನೀ ಬೇಕಾದ್ರ ಹೊಗಿ ಕುಡಕೋತ ನಿಲ್ಲು." ಅವ್ವ ಇಳಿದೇಬಿಟ್ಟಳು. ಮಡಿಲಲ್ಲಿದ್ದ ಡಬ್ಬಿಯನ್ನೂ ಅಂಬಲಿಯ ಬಾಟಲಿಯನ್ನೂ ಬಿಡಲಿಲ್ಲ. ಹಿಂದಿನ ದಿನ ಎಳ್ಳಮಾಸಿ, ಎಳ್ಳು ಅಮಾವಾಸ್ಯೆಯ ಹಬ್ಬ. ಹೊಲಕ್ಕೆ ಒಯ್ದ ಕಾಳು-ಕಾಯಿಪಲ್ಲೆಯ ಭಜ್ಜಿ, ಸಜ್ಜಿ ರೊಟ್ಟಿ, ಅಂಬಲಿ ಎಲ್ಲ ಸ್ವಲ್ಪ ಸ್ವಲ್ಪ ತೆಗೆದಿಟ್ಟು ಬೀದರಿನ ತಮ್ಮನಿಗೆ ಒಯ್ಯುತ್ತಿದ್ದಳು.

ನಾವು ಸಂತಪೂರ ದಾಟಿದ್ದೆವು. ಎರಡೂ ಕಡೆ ತೊಗರಿ ನಿಂತಿತ್ತು. ಮಾಂಜ್ರಾ ಸೇತುವೆ ಇನ್ನೂ ಮುಂದೆ. ಬೀದರಿನಲ್ಲಿ ಮಾಮ ಬಿಳಿ ಧೋತರ ಹಿಡಿದು ಕಾಯುತ್ತಿದ್ದ. ಅವನ ಪಕ್ಕ ಗುಜರಿಯವನೂ ಕಾಯುತ್ತಿದ್ದ.

ಧೋತರ ಯಾಕೆ ಅಂದರೆ, ಹೇಳುತ್ತೇನೆ.

ಗಾಡಿ ಮಾಮನದು. ಮಾಮ ಎಂದರೆ ಅವ್ವನ ತಮ್ಮ. ಹಳೆಯ ಡೀಸೆಲ್ ಕಾರು. ಬಣ್ಣ ಬಿಳಿ ಎಂದು ಕಾಗದದಲ್ಲಿದೆ, ಅಷ್ಟೇ. ಮೊದಲು ಅವನು ಎಕಂಬಾದಲ್ಲಿ ಹೊಲದ ಮೇಲೆ ಇದ್ದಾಗ ಗೊಬ್ಬರದ ಚೀಲ, ಪಂಪಿನ ಮೋಟರು, ಒಮ್ಮೆ ಒಂದು ಹೋತ, ಎಲ್ಲ ಅದರಲ್ಲೇ ತಿರುಗಾಡಿದವು. ಆಮೇಲೆ ಬೀದರಿನಲ್ಲಿ ಮನೆ ಕಟ್ಟಿದ. ಹೊಸ ಕಾರು ಬಂತು. ಅಂಗಳಕ್ಕೆ ಟೈಲ್ಸ್ ಬಂದವು. ಹಳೆಯ ಗಾಡಿ ಆ ಟೈಲ್ಸ್ ಮೇಲೆ ರಾತ್ರಿ ಕಳೆದರೆ ಬೆಳಿಗ್ಗೆ ಎಮ್ಮೆ ಮಲಗಿ ಎದ್ದಷ್ಟು ದೊಡ್ಡ ಕರಿ ಕಲೆ. ಮಾಮಿ ಉಜ್ಜಿ ಉಜ್ಜಿ ಸಾಕಾಗಿ ಅಳುವುದೊಂದು ಬಾಕಿ.

ಗಾಡಿ ಗುಜರಿಗೆ ಹೋಗುತ್ತದೆ ಎಂದು ಗೊತ್ತಾದ ದಿನವೇ ನಾನು ಬೀದರಿಗೆ ಓಡಿದೆ. ಮಾಮ ಏಣಿ ಹತ್ತಿ ನೀರಿನ ಟಾಕಿಯ ಸೋರುವ ನಳಕ್ಕೆ ಬೂಚು ಜಡಿಯುತ್ತಿದ್ದ. ಬೂಚು ಎಂದರೆ ತೊಗರಿ ಕಟ್ಟಿಗೆಯ ತುಂಡಿಗೆ ಅರಿವೆ ಸುತ್ತಿದ್ದು. ನಮ್ಮ ಕಡೆ ಹೊಲದಲ್ಲಿ ಪೈಪು ಸೋರಿದರೆ ಯಾರೂ ಅಂಗಡಿಗೆ ಓಡುವುದಿಲ್ಲ. ತೊಗರಿ ಕಟ್ಟಿಗೆ ಮುರಿ, ಅರಿವೆ ಸುತ್ತು, ಜಡಿ. ಊರು ಬಿಟ್ಟು ಸಿಟಿಗೆ ಬಂದರೂ ಮಾಮನ ಕೈ ಅದನ್ನು ಬಿಟ್ಟಿರಲಿಲ್ಲ.

"ಮಾಮಾ, ಗಾಡಿ ನನಗ ಕೊಡು."

"ನಿನಗ್ಯಾಕ? ಎಣ್ಣಿ ಗಾಣಾ ಹಾಕ್ತಿಯೇನು?"

"ಪ್ಯಾಸೆಂಜರ್ ಕುಂದ್ರಸ್ಕೊಂಡ್ ಔರಾದ-ಬೀದರ ಸೀಟ್ ಹೊಡಿತೀನಿ. ಎಷ್ಟ್ ದಿನ ಮಂದಿ ಟೆಂಪೋ ಹೊಡಿಲಿ?"

"ಸೀಟ್ ಹೊಡಿಲಕ್ಕ ಗಾಡಿ ಬೇಕು. ಇದು ಜರಡಿ."

"ಜರಡಿನೇ ಕೊಡು. ನಾ ರಿಪೇರಿ ಮಾಡ್ತೀನಿ."

ಮಾಮ ಏಣಿಯಿಂದ ಇಳಿದ. ಅವನಿಗೆ ಪಂದ್ಯ ಕಟ್ಟುವ ಚಟ. ಕಬಡ್ಡಿ ಇರಲಿ, ಎತ್ತು ಇರಲಿ, ಪಂದ್ಯ ಇಲ್ಲದೆ ಅವನಿಗೆ ಮಾತೇ ಬರುವುದಿಲ್ಲ. "ಕೇಳಿಲ್ಲಿ," ಅಂದ. "ಎಳ್ಳಮಾಸಿ ಮರುದಿನ ಔರಾದದಿಂದ ಹೊಡ್ಕೊಂಡ್ ಬಾ. ಅಂಗಳದಾಗ ನನ್ನ ಬಿಳಿ ಧೋತರ ಹಾಸ್ತೀನಿ. ಅದರ ಮ್ಯಾಲ ನಿಂದ್ರಸು. ಇಂಜಿನ್ ಚಾಲೂ ಇರ್ಲಿ. ಎಲ್ಲಾರ ಚಾ ಮುಗಿಯೋ ತನ ಒಂದ್ ಹನಿ ಬೀಳಲಿಲ್ಲ, ಗಾಡಿ ನಿಂದು. ಬಿತ್ತು, ಗುಜರಿಯಂವ ಅಲ್ಲೇ ನಿಂತಿರ್ತಾನ."

"ಪಕ್ಕಾ?"

"ನಾ ಯಾವಾಗರ ಮಾತ್ ತಪ್ಪೀನೇನು?"

ತಪ್ಪಿಲ್ಲ. ಅದೇ ಹೆದರಿಕೆ.

ಗಾಡಿಯನ್ನು ಅಲ್ಲಿಂದಲೇ ಮೊದಲು ಭಾಲ್ಕಿಗೆ ಒಯ್ದೆ. ಅಲ್ಲಿಯ ಉಸ್ತಾದ ಹಳೆಯ ಡೀಸೆಲ್ ಗಾಡಿಗಳ ಕೆಲಸ ಮಾಡುತ್ತಾನೆ. ಕೆಳಗೆ ನುಸುಳಿ ಟಾರ್ಚು ಹಾಕಿ ನೋಡಿದ. ಎಣ್ಣೆ, ಧೂಳು, ಎಕಂಬಾದ ಕರಿಮಣ್ಣು ಎಲ್ಲ ಕೂಡಿ ಇಂಜಿನ್ನಿಗೆ ಗಿಲಾವು ಮಾಡಿದಂತೆ ಕೂತಿತ್ತು.

"ಅರೆ ಭಾಯಿ, ಇದಕ್ಕ ಇಂಜಿನ್ ಅಂತಾರ ಏನ್ ಹುತ್ತ ಅಂತಾರ? ಎಣ್ಣಿ ತಡಿಯೋ ಸೀಲ್ ಹೋಗ್ಯಾವ. ಮುಂದಿಂದು, ಹಿಂದಿಂದು, ಮ್ಯಾಗಿನ ಮುಚ್ಚಳದ್ದು. ಎಲ್ಲಾ ಹೊಸಾ ಹಾಕಾಣ. ಖಲಾಸ್."

ಹಾಕಿದ. ನಾನೂ ಅವನ ಜೊತೆ ಕೈ ಕಪ್ಪು ಮಾಡಿಕೊಂಡೆ. ಖುಷಿಯಿಂದ ಔರಾದಿಗೆ ಬಂದೆ. ಮನೆಯ ಮುಂದೆ ನಿಲ್ಲಿಸಿ ಊಟ ಮಾಡಿ ಹೊರಗೆ ಬಂದು ನೋಡಿದರೆ ಕೆಳಗೆ ಕರಿ ಕಲೆ. ಮೊದಲಿನಷ್ಟೇ ದೊಡ್ಡದು. ನಾನು ಗಾಲಿಗೆ ಒದ್ದೆ. ಕಾಲಿಗೆ ಪೆಟ್ಟಾಯಿತು, ಗಾಲಿಗೆ ಏನೂ ಆಗಲಿಲ್ಲ.

ಈಗ ಎಲ್ಲಿಂದ ಸೋರುತ್ತದೆ ಎಂದು ಕಣ್ಣಾರೆ ನೋಡಬೇಕಾಗಿತ್ತು. ಎಣ್ಣೆ ಒಂದು ಕಡೆ ಹೊರಡುತ್ತದೆ, ಗಾಳಿಗೆ ಇನ್ನೊಂದು ಕಡೆ ಹೋಗುತ್ತದೆ, ಮೂರನೇ ಕಡೆ ತೊಟ್ಟಿಕ್ಕುತ್ತದೆ. ಕೆಳಗೆ ಬಿದ್ದ ಹನಿ ನೋಡಿದರೆ ಏನೂ ತಿಳಿಯುವುದಿಲ್ಲ. ಡೀಸೆಲ್ಲಿನಲ್ಲಿ ಬ್ರಶ್ ಅದ್ದಿ ಇಂಜಿನ್ನಿನ ಮುಂಭಾಗ, ಮೇಲ್ಭಾಗ ಉಜ್ಜಿದೆ. ಹಿಂದೆ ಕೈ ಹೋಗಲಿಲ್ಲ, ಬಿಟ್ಟೆ. ಒಣಗಿಸಿದೆ. ಒಣ ಪುಡಿ ಉದುರಿಸಿದರೆ ಎಣ್ಣೆ ಬಂದ ಜಾಗ ಕಪ್ಪಾಗುತ್ತದೆ. ಪುಡಿಗೆ ಎಲ್ಲಿ ಹೋಗಲಿ? ಅಡುಗೆಮನೆಗೆ ಹೋದೆ.

"ಜ್ವಾಳದ ಹಿಟ್ಟ್ ಕೊಡು."

"ರೊಟ್ಟಿ ನೀ ಬಡಿತಿಯೇನು?"

"ಗಾಡಿಗಿ."

ಅವ್ವ ನನ್ನ ಮುಖ ನೋಡಿದಳು. "ಎಣ್ಣಿ ಹಾಕಿದಿ, ಈಗ ಹಿಟ್ಟ್ ಹಾಕ್ತಿ. ಉಪ್ಪು ಬೇಡೇನು?"

ನಾನು ಮುಷ್ಟಿ ತುಂಬ ಹಿಟ್ಟು ಎಸೆದೆ. ಉಂಡೆ ಉಂಡೆಯಾಗಿ ಬಿತ್ತು. ಅವ್ವನಿಗೆ ನೋಡಲಾಗಲಿಲ್ಲ. ಸೆರಗು ಸಿಕ್ಕಿಸಿ ನನ್ನನ್ನು ಆ ಕಡೆ ನೂಕಿ, ರೊಟ್ಟಿ ಬಡಿಯುವಾಗ ಕಲ್ಲಿನ ಮೇಲೆ ಉದುರಿಸುವ ಹಾಗೆ ಬೆರಳ ತುದಿಯಿಂದ ತೆಳ್ಳಗೆ ಉದುರಿಸಿದಳು. ಇಂಜಿನ್ನು ಬೂದಿ ಬಳಿದ ಸ್ವಾಮಿಯಂತೆ ಬೆಳ್ಳಗಾಯಿತು. ಸ್ಟಾರ್ಟ್ ಮಾಡಿದೆ. ಇಬ್ಬರೂ ಬಗ್ಗಿ ನೋಡಿದೆವು.

ಮುಚ್ಚಳದ ಅಂಚಿನಲ್ಲಿ ಕಪ್ಪು ಗೆರೆ ಮೂಡಿತು. "ಸಿಕ್ತು!" ಎಂದು ಕುಣಿದೆ. ಅಷ್ಟರಲ್ಲಿ ಮುಂದಿನ ಸೀಲಿನ ಸುತ್ತ ಮೂಡಿತು. ಆಮೇಲೆ ಡಿಪ್‌ಸ್ಟಿಕ್ಕಿನ ಬುಡದಲ್ಲಿ. ಆಮೇಲೆ ಕೆಳಗೆ. ಹಿಟ್ಟೆಲ್ಲ ನೆನೆದು ಕಣಕವಾಯಿತು. ಎಲ್ಲ ಕಡೆಯಿಂದಲೂ ಸೋರುತ್ತಿತ್ತು, ಅದೂ ಹೊಸ ಸೀಲುಗಳಿಂದ!

ಉಸ್ತಾದನಿಗೆ ಫೋನು ಮಾಡಿದೆ.

"ಒಂದ್ ಕಡಿಂದ ಸೋರಿದ್ರ ನಂದ್ ತಪ್ಪು," ಅಂದ. "ಎಲ್ಲಾ ಕಡಿಂದ ಸೋರ್ಲತದ ಅಂದ್ರ ಇಂಜಿನ್ದು ತಪ್ಪು. ಒಳಗ ಪಿಸ್ಟನ್ ಸವದಿರಬೇಕು. ಇಂಜಿನ್ ಬಿಚ್ಚಬೇಕಾಗ್ತದ. ಬಿಡ್ ಭಾಯಿ, ಗುಜರಿಯವ್ನಿಗಿ ಕೊಟ್ಟ್ ಕೈ ತೊಳಕೊ."

ನಾನು ಬಿಡಲಿಲ್ಲ. ಬಿಡುವುದು ನನಗೆ ಗೊತ್ತಿಲ್ಲ. ಬೋಲ್ಟು ಬಿಗಿ ಮಾಡಿದೆ, ಪೇಸ್ಟು ಬಳಿದೆ, ಎಣ್ಣೆ ಬದಲಿಸಿ ದಪ್ಪನೆಯದು ಹಾಕಿದೆ. ಏನು ಮಾಡಿದರೂ ಅಷ್ಟೇ. ಎಳ್ಳಮಾಸಿ ಬಂದೇಬಿಟ್ಟಿತು. ಮರುದಿನ ಡಿಕ್ಕಿಯಲ್ಲಿ ಒಂದು ಕ್ಯಾನು ಎಣ್ಣೆ, ಪಕ್ಕದಲ್ಲಿ ಅವ್ವನನ್ನು ಇಟ್ಟುಕೊಂಡು ಹೊರಟೆ. ಹ್ಯಾಗಾದರೂ ಆಗಲಿ, ಪಂದ್ಯಕ್ಕೆ ಹೋಗದೆ ಸೋಲುವುದು ಬೇಡ ಎಂದು.

ಹೀಗೆ ಸಂತಪೂರ ದಾಟಿದ ಮೇಲೆ ಡಿಪ್‌ಸ್ಟಿಕ್ ಹಾರಿತು.

ಅವ್ವ ದೂರ ನಿಂತು ಬಾಯಿಗೆ ಸೆರಗು ಹಿಡಿದಿದ್ದಳು. ನಾನು ಕಡ್ಡಿಯನ್ನು ಒರೆಸಿ ಮತ್ತೆ ಕೊಳವೆಗೆ ತುರುಕಿದೆ. ಇಂಜಿನ್ನು ಇನ್ನೂ ಓಡುತ್ತಿತ್ತು. ನನ್ನ ಕಣ್ಣೆದುರೇ ಕಡ್ಡಿ ನಡುಗಿತು, ಮೇಲೆದ್ದಿತು, ಪಟ್ ಎಂದು ಮತ್ತೆ ಹಾರಿತು.

"ಅಯ್ಯ, ಕುಕ್ಕರ್ ಆಗ್ಯದಲ್ಲೋ ನಿನ್ನ ಗಾಡಿ!" ಅಂದಳು ಅವ್ವ. "ಮೊನ್ನಿ ನಮ್ಮನ್ಯಾಗ ಆಗಿಲ್ಲೇನು? ತೊಗರಿ ಬ್ಯಾಳಿ ನೊರಿ ಹೋಗಿ ಸೀಟಿ ಕಟ್ಟಿತ್ತು, ಮುಚ್ಚಳದ ಸುತ್ತಾ ಚಿಲ್ಲಂತ ಹಾರ್ಲಿಲ್ಲೇನು? ನೀ ಹೊಸಾ ರಬ್ಬರ್ ತಂದ್ರೂ ಹಾರ್ತು."

ನಾನು ಕಡ್ಡಿ ಹಿಡಿದುಕೊಂಡು ಹಾಗೇ ನಿಂತೆ.

ಹೌದು, ಆಗಿತ್ತು. ಕುಕ್ಕರಿಗೆ ಹೊಸ ರಬ್ಬರು ತಂದಿದ್ದೆ. ರಬ್ಬರಿನ ತಪ್ಪಲ್ಲ, ಸೀಟಿಯ ತೂತು ಕಟ್ಟಿಹೋಗಿತ್ತು. ಆವಿಗೆ ಹೋಗಲು ದಾರಿ ಇಲ್ಲದೆ ಸಿಕ್ಕ ಸಿಕ್ಕ ಸಂದಿಯಿಂದ ನುಗ್ಗಿತ್ತು.

ಎಣ್ಣೆ ಹಾಕುವ ಮುಚ್ಚಳ ತಿರುಗಿಸಿದೆ. ಭುಸ್! ಗಾಳಿ ನನ್ನ ಅಂಗೈ ದೂಡಿತು. ಕೈ ಇಟ್ಟರೆ ಎತ್ತಿ ಒಗೆಯುತ್ತದೆ, ಅಷ್ಟು ಜೋರು. ಮುಚ್ಚಳ ತೆಗೆದೇ ಇಟ್ಟು ಕಡ್ಡಿ ತುರುಕಿದೆ. ಹಾರಲಿಲ್ಲ. ಬಗ್ಗಿ ಕೆಳಗೆ ನೋಡಿದೆ. ಧಾರೆಯಾಗಿ ಬೀಳುತ್ತಿದ್ದುದು ಹನಿಯಾಗಿ, ಆಮೇಲೆ ಹನಿಯೂ ನಿಂತಿತು.

"ಯವ್ವಾ! ಸೀಟಿ ಕಟ್ಟ್ಯದ! ಸೀಟಿನೇ ಕಟ್ಟ್ಯದ!"

"ಗಾಡಿಗಿ ಸೀಟಿ ಎಲ್ಲಿರ್ತದೋ?"

ಅದೇ ಪ್ರಶ್ನೆ. ಇಂಜಿನ್ನಿನೊಳಗೆ ಹುಟ್ಟುವ ಗಾಳಿ ಹೊರಗೆ ಹೋಗಲು ಎಲ್ಲೋ ಒಂದು ದಾರಿ ಇರಲೇಬೇಕು. ಇಂಜಿನ್ನು ಬಂದ್ ಮಾಡಿ ಮೇಲಿನ ಮುಚ್ಚಳದಿಂದ ಕೈಯಾಡಿಸುತ್ತ ಹೋದೆ. ಹಿಂದುಗಡೆ, ನಾನು ಉಜ್ಜದೇ ಬಿಟ್ಟಿದ್ದ ಕಡೆ, ಒಂದು ದಪ್ಪ ರಬ್ಬರ್ ಪೈಪು ಸಿಕ್ಕಿತು. ಅದು ಕೆಳಗೆ ಇಳಿದಿತ್ತು. ರಸ್ತೆಯ ಮೇಲೆ ಅಂಗಾತ ಮಲಗಿ ನುಸುಳಿದೆ. ಪೈಪಿನ ತುದಿಯಲ್ಲಿ ಎಣ್ಣೆ ಮಣ್ಣಿನ ಗಟ್ಟಿ ಉಂಡೆ. ಉಗುರಿನಿಂದ ಕೆರೆದೆ. ಮಣ್ಣು ಉದುರಿತು. ಒಳಗೆ ಕಟ್ಟಿಗೆ!

ಇಕ್ಕಳದಿಂದ ಹಿಡಿದು ತಿರುವಿದೆ, ಎಳೆದೆ. ಬರಲಿಲ್ಲ. ಇನ್ನೊಮ್ಮೆ ಎಳೆದೆ. ಪೋಕ್ ಎಂದು ಕಿತ್ತು ಬಂತು. ಅದರ ಹಿಂದೆಯೇ ಒಳಗೆ ಕೂಡಿದ್ದ ಕರಿ ಎಣ್ಣೆ ಪೂರಾ ನನ್ನ ಮುಖದ ಮೇಲೆ. ನಾನು ಹಾಗೇ ಮಲಗಿ ನಗುತ್ತಿದ್ದೆ.

ಕುರಿ ಹೊಡೆದುಕೊಂಡು ಬಂದ ಒಬ್ಬಾತ ರಸ್ತೆಯ ಮೇಲೆ ನನ್ನ ಕಾಲು ನೋಡಿ ನಿಂತ. "ಏನಾಗ್ಯದರಿ ಅಕ್ಕೋರೆ? ಹುಡುಗ ಸಿಕ್ಕೊಂಡಾನೇನ್ರಿ?" ಎಂದು ಅವ್ವನನ್ನು ಕೇಳಿದ.

"ಸಿಕ್ಕೊಂಡಿಲ್ಲಪ್ಪ. ತಲಿ ಕೆಟ್ಟದ, ನಗಲತಾನ," ಅಂದಳು ಅವ್ವ.

ಹೊರಗೆ ಬಂದು ಆ ಬೂಚನ್ನು ಅವ್ವನ ಕೈಗೆ ಕೊಟ್ಟೆ. ತೊಗರಿ ಕಟ್ಟಿಗೆ. ಸುತ್ತಿದ ಅರಿವೆ ಎಣ್ಣೆ ಕುಡಿದು ಚರ್ಮದಂತಾಗಿತ್ತು. ಅವ್ವ ಒಂದು ಸುತ್ತು ಬಿಚ್ಚಿದಳು. ಒಳಗಿನ ಸುತ್ತಿನಲ್ಲಿ ಹಸಿರು ಅಂಚು, ಕೆಂಪು ಗೆರೆ ಇನ್ನೂ ಕಾಣುತ್ತಿತ್ತು.

"ಇದು ನನ್ನ ಸೀರಿ!" ಅಂದಳು. "ಹಳೀದಾಗ್ಯದಂತ ತಮ್ಮಗ ಹೊಲದಾಗ ಇರ್ಲಿ ಅಂತ ಕೊಟ್ಟಿದ್ದೆ. ಇದು ಅವಂದೇ ಕೆಲಸ!"

ನನಗೆ ಒಂದೇ ಏಟಿಗೆ ಎಲ್ಲ ತಿಳಿಯಿತು. ಆ ಪೈಪಿನ ಬಾಯಿಯಿಂದ ಯಾವಾಗಲೂ ಸ್ವಲ್ಪ ಹೊಗೆ, ಒಂದೆರಡು ಹನಿ ಎಣ್ಣೆ ಬರುತ್ತದೆ. ಬರಬೇಕು. ಮಾಮ ಎಕಂಬಾದಲ್ಲಿ ಅದನ್ನು ನೋಡಿದ. ಪೈಪು, ಬಾಯಿ ತೆರೆದಿದೆ, ಸೋರುತ್ತಿದೆ. ಇನ್ನೇನು ಬೇಕು ಅವನಿಗೆ? ಕಟ್ಟಿಗೆ ಮುರಿದ, ಅರಿವೆ ಸುತ್ತಿದ, ಜಡಿದ. ಹನಿ ನಿಲ್ಲಿಸಲು ಹೋಗಿ ಇಡೀ ಗಾಡಿ ಸೋರುವಂತೆ ಮಾಡಿದ. ಅದಕ್ಕೇ ಈಗ ಗುಜರಿಗೆ ಹಾಕಲು ನಿಂತಿದ್ದ!

ಅಲ್ಲಿಂದಲೇ ಉಸ್ತಾದನಿಗೆ ಫೋನು ಹಚ್ಚಿದೆ. "ಉಸ್ತಾದ್, ಹಿಂದಿನ ಪೈಪ್ ನೋಡಿರಲಿಲ್ಲೇನ್ರಿ?"

"ಯಾವ ಪೈಪ್?"

"ಬಾಯಾಗ ಕಟ್ಟಿಗಿ ಜಡದಿದ್ರು."

"ಅದು ಮಣ್ಣಾಗ ಮುಚ್ಚಿತ್ತಲ್ಲ ಮಿಯಾ. ನಾ ಏನೋ ಬೋಲ್ಟ್ ಅಂದ್ಕೊಂಡಿದ್ದೆ," ಅಂದ. ಆಮೇಲೆ ಜೋರಾಗಿ ನಕ್ಕ. "ಅಂದ್ರ ಪಿಸ್ಟನ್ ಬರಾಬರ್ ಅದ! ಕೇಳು, ಆ ಪೈಪ್ ಹನಿ ಹಾಕ್ತದ. ಇವತ್ತಿಗಿ ತಳದಾಗ ಒಂದ್ ಬಾಟ್ಲಿ ಕಟ್ಟು. ಮುಚ್ಚಳಕ್ಕ ತೂತ್ ಹೊಡಿ, ಗಾಳಿ ಹೋಗ್ಬೇಕು. ನಾಳಿ ಭಾಲ್ಕಿಗಿ ಬಾ, ಪೈಪ್ ಏರ್ ಫಿಲ್ಟರಿಗಿ ಕೂಡಸ್ತೀನಿ."

ಬಾಟಲಿ. ನಾನು ಅವ್ವನ ಕೈ ನೋಡಿದೆ. ಅವ್ವ ಬಾಟಲಿಯನ್ನು ಬೆನ್ನ ಹಿಂದೆ ಸರಿಸಿದಳು.

"ಏ, ಇದು ನನ್ನ ತಮ್ಮಂದು ಅಂಬಲಿ."

"ನಿನ್ನ ತಮ್ಮನೇ ಕಟ್ಟಿಗಿ ಜಡದಾನ ಯವ್ವಾ. ಅವನ ಅಂಬಲಿನೇ ಹೋಗ್ಲಿ."

ಅವ್ವ ಸೀರೆಯ ಅಂಚನ್ನು ಇನ್ನೊಮ್ಮೆ ನೋಡಿದಳು. ಬಾಟಲಿ ತೆರೆದು ಅರ್ಧ ತಾನು ಕುಡಿದಳು, ಅರ್ಧ ನನಗೆ ಕೊಟ್ಟಳು. ಅಂಬಲಿಯ ಜೊತೆ ತುಟಿಯ ಮೇಲಿನ ಎಣ್ಣೆಯೂ ಹೋಯಿತು. ಬಾಟಲಿ ತೊಳೆದು, ಮುಚ್ಚಳಕ್ಕೆ ತೂತು ಹೊಡೆದು, ಪೈಪಿನ ಬಾಯಿಗೆ ತಂತಿಯಿಂದ ಕಟ್ಟಿದೆ. ಕಡಿಮೆಯಾದ ಎಣ್ಣೆ ತುಂಬಿದೆ. ಇದ್ದಬದ್ದ ಅರಿವೆಯಿಂದ ಇಂಜಿನ್ನು ಒರೆಸಿದೆ. ಸ್ಟಾರ್ಟ್ ಮಾಡಿದೆ.

ಆ ಸದ್ದೇ ಬೇರೆ. ಮೊದಲು ದಮ್ಮು ಕಟ್ಟಿ ಓಡುತ್ತಿದ್ದ ಗಾಡಿ ಈಗ ಆರಾಮಾಗಿ ಉಸಿರಾಡುತ್ತಿತ್ತು. ಮಾಂಜ್ರಾ ಸೇತುವೆಯ ಮೇಲೆ ನಾನು ಸುಮ್ಮನೆ ಹಾರ್ನು ಹೊಡೆದೆ. ಎದುರಿಗೆ ಯಾರೂ ಇರಲಿಲ್ಲ. ಅವ್ವ ಬೈಯಲಿಲ್ಲ. ಕರಿಮಣ್ಣು ಹೋಗಿ ಕೆಂಪು ಮಣ್ಣು ಬಂತು, ಬೀದರ ಬಂತು.

ಮಾಮ ಅಂಗಳದಲ್ಲಿ ಧೋತರವನ್ನು ಎರಡು ಮಡಿಕೆ ಮಾಡಿ ಹಾಸಿದ್ದ. ನಾಲ್ಕು ಮೂಲೆಗೆ ಕಲ್ಲು ಇಟ್ಟಿದ್ದ. ಗುಜರಿಯವನ ಟೆಂಪೋ ಗೇಟಿನ ಹತ್ತಿರವೇ ಇತ್ತು, ಎಳೆಯುವ ಹಗ್ಗವೂ ಸಿದ್ಧ. ನನ್ನ ಮುಖ ನೋಡಿ ಮಾಮ, "ಎಣ್ಣಿ ಎಲ್ಲಾ ನೀನೇ ಬಳಕೊಂಡ್ ಬಂದಿಯೇನು? ಗಾಡ್ಯಾಗ ಉಳದದೋ ಇಲ್ಲೋ?" ಅಂದ.

ಧೋತರದ ಮೇಲೆ ನಿಲ್ಲಿಸಿದೆ. ಇಂಜಿನ್ನು ಚಾಲೂ. ಮಾಮಿ ಚಹಾ ತಂದಳು. ನನಗೆ ಕುಡಿಯಲು ಆಗಲಿಲ್ಲ. ಗುಜರಿಯವನು ಕಪ್ಪು ಹಿಡಿದು ಗಾಡಿಯ ಪಕ್ಕ ಕುಕ್ಕುರುಗಾಲಿನಲ್ಲಿ ಕೂತು ಕೆಳಗೇ ನೋಡುತ್ತಿದ್ದ. ಮಾಮ ಊದಿ ಊದಿ, ಬೇಕೆಂದೇ ನಿಧಾನ ಕುಡಿದ.

"ಇದೇನಿದು ಬಾಟ್ಲಿ?" ಎಂದು ಗುಜರಿಯವನು ಕೇಳಿದ.

ಮಾಮ ಬಗ್ಗಿದ. "ಏ, ಬಾಟ್ಲಿ ಕಟ್ಟಿದ್ರ ನಡೆಂಗಿಲ್ಲ! ಸೋರೋದು ಸೋರೋದೇ. ಹಿಂಗಾದ್ರ ಕೆಳಗ ಬಕೀಟ್ ಕಟ್ಕೊಂಡ್ ಬರ್ತಿದ್ದಿ."

ಅವ್ವ ಸೊಂಟದಿಂದ ಬೂಚು ತೆಗೆದು ತಮ್ಮನ ಅಂಗೈಯಲ್ಲಿಟ್ಟಳು.

"ಏನಿದು ಅಕ್ಕಾ?"

"ನೀನೇ ಹೇಳು. ಸೀರಿ ನಂದು. ಕಟ್ಟಿಗಿ ನಿಂದು. ಆ ಪೈಪಿನ್ಯಾಗ ಇತ್ತು."

ಮಾಮ ತಿರುಗಿಸಿ ಮುರುಗಿಸಿ ನೋಡಿದ. ಮುಖದ ಮೇಲಿನ ನಗು ಹೋಯಿತು. "ಇದು... ನಾನೇ ಹಾಕಿದ್ದೆ," ಅಂದ. "ಎಣ್ಣಿ ಸೋರ್ತಿತ್ತಲ್ಲಕ್ಕ!"

"ಅದು ಅದರ ಮೂಗು ಮಾಮಾ," ಅಂದೆ. "ಮೂಗು ಕಟ್ಟಿದ್ರ ಎಲ್ಲಿಂದ ಉಸಿರಾಡ್ತದ? ಮೈಯೆಲ್ಲಾ ಬಿರದು ಎಣ್ಣಿ ಬಂತು. ಈಗ ಆ ಬಾಟ್ಲಿ ಬಿಟ್ಟು ಬ್ಯಾರೆ ಎಲ್ಲ್ಯಾದ್ರೂ ಸೋರ್ಲತದೇನು, ನೀನೇ ನೋಡು."

ಮಾಮಿ ಟೈಲ್ಸ್ ನೋಡಿದಳು, ಗಂಡನನ್ನು ನೋಡಿದಳು. "ಅಂದ್ರ ಇಷ್ಟ್ ದಿನ ನಾ ಉಜ್ಜಿದ್ದು ನಿಮ್ಮ ಕಟ್ಟಿಗಿ ಸಲುವಾಗಿ ಏನ್ರಿ?" ಅಂದಳು.

ಮಾಮ ಉತ್ತರ ಕೊಡುವ ಮೊದಲೇ ಗುಜರಿಯವನು ಕೂಗಿದ. "ಬಿತ್ತು! ಬಿತ್ತು ನೋಡ್ರಿ!"

ಧೋತರದ ನಡುವೆ ಕಾಳಿನಷ್ಟು ಒಂದು ಕರಿ ಹನಿ. ಮಲಗಿ ನೋಡಿದೆ. ಪೈಪಿನದಲ್ಲ, ಸೀಲಿನದೂ ಅಲ್ಲ. ದಾರಿಯಲ್ಲಿ ಉಕ್ಕಿದ ಎಣ್ಣೆ, ನಾನು ಸರಿಯಾಗಿ ಒರೆಸದೆ ಬಿಟ್ಟದ್ದು, ಕೆಳಗಿನ ತಗಡಿನ ಅಂಚಿನಲ್ಲಿ ಕೂತು ಈಗ ಇಳಿದಿತ್ತು. ಆದರೆ ಹನಿ ಹನಿಯೇ. ಮಾಮನ ಮಾತು ಒಂದು ಹನಿ ಎಂದಿತ್ತು. ನಾನು ಎದ್ದು ನಿಂತೆ. ಗುಜರಿಯವನು ಹಗ್ಗ ತರಲು ಎದ್ದ.

"ಏ, ಕುಂದ್ರು," ಅಂದ ಮಾಮ.

ತಾನೇ ಬಗ್ಗಿ, ಬೂಚಿನ ಅರಿವೆಯಿಂದ ತಗಡಿನ ಅಂಚು ಒರೆಸಿದ. ಧೋತರವನ್ನು ಕಲೆ ಇಲ್ಲದ ಕಡೆಗೆ ಎಳೆದು ಕಲ್ಲು ಇಟ್ಟ. "ಆ ಹನಿ ಇವಂದಲ್ಲ. ನಂದು," ಅಂದ. "ನಾ ಕಟ್ಟಿಗಿ ಜಡದದ್ದರ ಹನಿ. ಈಗ ಇವಂದು ನೋಡಾಣ. ಮತ್ತ ಒಂದ್ ಸುತ್ತ್ ಚಾ ತಾ."

ಮಾಮಿ ಮತ್ತೆ ಚಹಾ ತಂದಳು. ಇಂಜಿನ್ನು ಓಡುತ್ತಲೇ ಇತ್ತು. ಈ ಸಲ ನಾನೂ ಕುಡಿದೆ, ಬಾಯಿ ಸುಟ್ಟಿತು. ಎಲ್ಲರ ಕಪ್ಪು ಖಾಲಿಯಾದ ಮೇಲೂ ಮಾಮ ಏಳಲಿಲ್ಲ. ಕೊನೆಗೆ ಧೋತರ ಎಳೆದು ಎರಡೂ ಕೈಯಲ್ಲಿ ಎತ್ತಿ ಬಿಸಿಲಿಗೆ ಹಿಡಿದ. ಹಳೆಯ ಕಲೆ ಒಂದೇ. ಹೊಸದು ಇಲ್ಲ.

"ಹೋಗು," ಅಂದ. "ಗಾಡಿ ನಿಂದು. ಕಾಗದ ಒಳಗವ, ತಗೋ."

ನಾನು ಅಲ್ಲೇ ಹೋ ಎಂದು ಕೂಗಿದೆ. ಗುಜರಿಯವನು ಹಗ್ಗ ಸುತ್ತಿಕೊಂಡು ಹೋದ. ಅವ್ವ ಡಬ್ಬಿ ತೆರೆದು ಭಜ್ಜಿ, ರೊಟ್ಟಿ ಬಡಿಸಿದಳು.

"ಅಂಬಲಿ ಎಲ್ಲದ ಅಕ್ಕಾ?" ಎಂದು ಮಾಮ ಕೇಳಿದ.

ಅವ್ವ ಗಾಡಿಯ ಕೆಳಗೆ ಕೈ ತೋರಿಸಿದಳು.

ಮರುದಿನ ಭಾಲ್ಕಿಗೆ ಹೋಗಿ ಪೈಪು ಕೂಡಿಸಿಕೊಂಡು ಬಂದೆ. ಗಾಡಿ ಓಡುತ್ತಿದೆ. ಇಷ್ಟೇ. ಇನ್ನು ಹೇಳುವುದು ಏನೂ ಇಲ್ಲ.